ಇನ್ನೊಬ್ಬ ಚಂದ್ರಶೇಖರ್

ಚಂದ್ರಶೇಖರ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ನಕ್ಷತ್ರಗಳ ಲೆಕ್ಕ ಹಾಕಿ ನೊಬೆಲ್ ಪಡೆದವರು. ಆದರೆ ಸರ್ ಸಿ. ವಿ. ರಾಮನ್ ಅವರ ಸೋದರಳಿಯಂದಿರಲ್ಲಿ ಇನ್ನೊಬ್ಬ ಚಂದ್ರಶೇಖರ್ ಇದ್ದರು. ಶಿವರಾಮಕೃಷ್ಣ ಚಂದ್ರಶೇಖರ್. ನಮ್ಮ ಕ್ಯಾಲ್ಕುಲೇಟರ್ ಪರದೆಯೊಳಗಿರುವ ಲಿಕ್ವಿಡ್ ಕ್ರಿಸ್ಟಲ್ ವಿಜ್ಞಾನವನ್ನು ಮೈಸೂರು, ಬೆಂಗಳೂರಿನಲ್ಲಿ ಬೆಳೆಸಿದವರು ಇವರು.

1930ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಕಲಿತು, ಕೇಂಬ್ರಿಡ್ಜ್‌ನಲ್ಲಿ ಇನ್ನೊಂದು ಡಾಕ್ಟರೇಟ್ ಪಡೆದರು. ಹೊರಗೇ ಉಳಿಯದೆ ವಾಪಸ್ ಬಂದು, 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲೇ ಅವರಿಗೆ ಲಿಕ್ವಿಡ್ ಕ್ರಿಸ್ಟಲ್ ಹುಚ್ಚು ಹಿಡಿದದ್ದು.

ಈ ಕಥೆ ಶುರುವಾಗೋದೇ ಕೊಲೆಸ್ಟ್ರಾಲ್‌ನಿಂದ. 1888ರಲ್ಲಿ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಕೊಲೆಸ್ಟ್ರಾಲ್‌ನ ಒಂದು ಸಂಯುಕ್ತವನ್ನು ಕಾಯಿಸಿದಾಗ ಅದು ಎರಡು ಸಲ ಕರಗಿತು! ಮೊದಲು ಮಬ್ಬು ದ್ರವ, ಇನ್ನೂ ಕಾಯಿಸಿದರೆ ತಿಳಿ ದ್ರವ. ಆ ಮಬ್ಬು ಸ್ಥಿತಿಯಲ್ಲಿ ಅಣುಗಳು ಹರಿಯುತ್ತವೆ, ಆದರೂ ಸಾಲು ಬಿಡೋದಿಲ್ಲ. ಪದರದಿಂದ ಪದರಕ್ಕೆ ಸ್ವಲ್ಪ ಸ್ವಲ್ಪ ತಿರುಗುತ್ತಾ ಸುರುಳಿ ಮೆಟ್ಟಿಲಿನಂತೆ ನಿಲ್ಲುತ್ತವೆ. ಈ ಸುರುಳಿ ಬೆಳಕನ್ನು ಹೇಗೆ ತಿರುಗಿಸುತ್ತೆ, ಹೇಗೆ ಬಣ್ಣ ಕೊಡುತ್ತೆ ಅಂತ ಚಂದ್ರಶೇಖರ್ ಮತ್ತು ಅವರ ಶಿಷ್ಯರು ಮೈಸೂರಿನಲ್ಲಿ ಲೆಕ್ಕ ಹಾಕಿದರು.

ನಮ್ಮ ಜೀವಕೋಶದ ಪೊರೆಯೂ ಒಂದು ಲಿಕ್ವಿಡ್ ಕ್ರಿಸ್ಟಲ್ಲೇ. ಎರಡು ಸಾಲು ಕೊಬ್ಬಿನ ಅಣುಗಳು, ತಲೆ ನೀರಿನ ಕಡೆ, ಬಾಲ ಒಳಗಡೆ. ಅವುಗಳ ಮಧ್ಯೆ ಕೊಲೆಸ್ಟ್ರಾಲ್ ತೂರಿಕೊಂಡಿರುತ್ತೆ. ಅದರ ನಾಲ್ಕು ಉಂಗುರಗಳು ಸೇರಿ ಬಗ್ಗದ ಹಲಗೆಯಾಗಿರೋದರಿಂದ ಬಿಸಿಯಲ್ಲಿ ಬಾಲಗಳು ಅತಿಯಾಗಿ ಕುಣಿಯದಂತೆ ಹಿಡಿಯುತ್ತೆ. ಚಳಿಯಲ್ಲಿ ಕೊಬ್ಬರಿ ಎಣ್ಣೆ ನಮ್ಮ ಹೊನ್ನಾಳಿ ಕಡೆಯೂ ಬಾಟಲಿಯಲ್ಲೇ ಗಟ್ಟಿಯಾಗುತ್ತಲ್ಲ, ಪೊರೆ ಹಾಗೆ ಹೆಪ್ಪುಗಟ್ಟದಂತೆ ಬಾಲಗಳನ್ನು ದೂರ ಇಡೋದೂ ಅದೇ. ಕೆಂಪು ರಕ್ತಕಣದ ಪೊರೆಯಲ್ಲಿ ಹತ್ತು ಲಿಪಿಡ್ ಅಣುಗಳಿಗೆ ಸುಮಾರು ನಾಲ್ಕು ಕೊಲೆಸ್ಟ್ರಾಲೇ. ಅಣುವಿನ ಆಕಾರವೇ ಅದರ ನಡತೆಯನ್ನು ತೀರ್ಮಾನಿಸುತ್ತೆ.

ಚಂದ್ರಶೇಖರ್ ಅವರ ದೊಡ್ಡ ಶೋಧವೂ ಆಕಾರದ್ದೇ. ಕಡ್ಡಿಯಂಥ ಉದ್ದನೆಯ ಅಣುಗಳು ಮಾತ್ರ ಲಿಕ್ವಿಡ್ ಕ್ರಿಸ್ಟಲ್ ಆಗುತ್ತವೆ ಅಂತ ಎಲ್ಲರೂ ನಂಬಿದ್ದ ಕಾಲ. 1971ರಲ್ಲಿ ರಾಮನ್ ಸಂಸ್ಥೆಗೆ ಮರಳಿ ಪ್ರಯೋಗಾಲಯ ಕಟ್ಟಿದ ಅವರು, 1977ರಲ್ಲಿ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಜೊತೆ ಸೇರಿ ತಟ್ಟೆಯಾಕಾರದ ಅಣುಗಳೂ ರೊಟ್ಟಿ ಪೇರಿಸಿದಂತೆ ಕಂಬ ಕಟ್ಟಿ ನಿಲ್ಲುತ್ತವೆ ಅಂತ ತೋರಿಸಿದರು. ಆ ಪ್ರಬಂಧ ಅಚ್ಚಾದದ್ದು ನಮ್ಮದೇ ದೇಶದ 'ಪ್ರಮಾಣ' ಪತ್ರಿಕೆಯಲ್ಲಿ. ಜಗತ್ತೇ ಅದನ್ನು ಹುಡುಕಿ ಓದಿತು. ಮುಂದೆ ಅಂಥ ಅಣುಗಳ ಹಾಳೆಯನ್ನೇ ಎಲ್‌ಸಿಡಿ ಪರದೆಗಳಲ್ಲಿ ಪಕ್ಕದಿಂದ ನೋಡಿದರೂ ಚಿತ್ರ ಚೆನ್ನಾಗಿ ಕಾಣಲು ಬಳಸಿದರು.

1983ರಲ್ಲಿ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ನಿವೃತ್ತಿಯಾದ ಮೇಲೂ ಸುಮ್ಮನೆ ಕೂರದೆ, ಜಾಲಹಳ್ಳಿಯಲ್ಲಿ ಬಿಇಎಲ್ ಕೊಟ್ಟ ಕಟ್ಟಡದಲ್ಲಿ ಲಿಕ್ವಿಡ್ ಕ್ರಿಸ್ಟಲ್ ಸಂಶೋಧನಾ ಕೇಂದ್ರ ಶುರುಮಾಡಿದರು. 2004ರ ಮಾರ್ಚ್ 8ರಂದು ತೀರಿಕೊಂಡರು.

ಒಳ್ಳೆ ಸಂಶೋಧನೆ ಮಾಡೋಕೆ ಹೊರಗೇ ಹೋಗಬೇಕು ಅಂತ ನಾವು ಕ್ಯಾಂಟೀನಿನಲ್ಲಿ ವಾದ ಮಾಡ್ತಾನೇ ಇರ್ತೀವಿ. ಹೋಗಿ ಬಂದು, ಇಲ್ಲೇ ಕಟ್ಟಿದವರ ಹೆಸರೂ ಆ ವಾದದಲ್ಲಿ ಇರಲಿ.