ದೀರ್ಘಶಾಂತಿಯ ಕಾಲ: ಹರ್ಮನ್ ಮೋಗ್ಲಿಂಗ್ (1811–1881)

ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. 1843ರ ಆ ದಿನ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಂದಿತು. ಹೊರತಂದವರು ಜರ್ಮನಿಯ ಪಾದ್ರಿ ಹರ್ಮನ್ ಫ್ರೀಡ್ರಿಕ್ ಮೋಗ್ಲಿಂಗ್. ಕನ್ನಡ ಪತ್ರಿಕೋದ್ಯಮಕ್ಕೆ ಆದ್ಯರು, ಪ್ರಾಚೀನ ಕಾವ್ಯಗಳನ್ನು ಅಚ್ಚಿಗೆ ತಂದವರು ಎಂದು ಅವರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಅಷ್ಟಾಗಿ ಮಾತಿಗೆ ಬಾರದ ಸಂಗತಿ ಇನ್ನೊಂದಿದೆ. ಲೋಕದ ಇಂದಿನ ವ್ಯವಸ್ಥೆ 1836ರಲ್ಲಿ ಮುಗಿದು ಕ್ರಿಸ್ತನ ಆಳ್ವಿಕೆ ಮೊದಲಾಗುತ್ತದೆ ಎಂದು ಮೂರು ತಲೆಮಾರು ಕಾದಿದ್ದ ನಾಡಿನಲ್ಲಿ ಅವರು ಹುಟ್ಟಿ ಬೆಳೆದರು. ಅವರು ಕನ್ನಡ ನಾಡಿಗೆ ಬಂದದ್ದೂ 1836ರಲ್ಲಿಯೇ.

ಮೋಗ್ಲಿಂಗ್ ಜನಿಸಿದ್ದು 1811ರ ಮೇ 29ರಂದು, ವುರ್ಟೆಂಬರ್ಗ್ ರಾಜ್ಯದ ಬ್ರಾಕನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ. ದ್ರಾಕ್ಷಿತೋಟಗಳ ಆ ಸೀಮೆಯಲ್ಲಿ ಪಯಟಿಸ್ಟರೆಂಬ ಭಕ್ತಪಂಥ ಆಳವಾಗಿ ಬೇರೂರಿತ್ತು. ಮನೆಗಳಲ್ಲಿ ಸೇರಿ ಸತ್ಯವೇದ ಓದುವುದು, ಚರ್ಚಿನ ವಿಧಿಗಿಂತ ಅಂತರಂಗದ ಪರಿವರ್ತನೆಯನ್ನು ದೊಡ್ಡದೆಂದು ಎಣಿಸುವುದು ಅವರ ರೀತಿ. ಶರಣರ ಗೋಷ್ಠಿಗಳನ್ನೂ ದಾಸರ ಭಜನಾಮಂಡಲಿಗಳನ್ನೂ ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ಆದರೆ ಅವರಲ್ಲಿದ್ದ ಒಂದು ತವಕಕ್ಕೆ ನಮ್ಮಲ್ಲಿ ಸುಲಭವಾದ ಸಮಾನ ಸಿಗದು. ಅದು ಕ್ರಿಸ್ತನ ಮರಳುವಿಕೆಯ ನಿರೀಕ್ಷೆ. ಕನ್ನಡ ಕ್ರೈಸ್ತರ ಮಾತಿನಲ್ಲಿ ಹೇಳುವುದಾದರೆ, ಎರಡನೆಯ ಬರೋಣ.

ಆ ನಿರೀಕ್ಷೆಗೆ ಇಸವಿಯನ್ನು ಗೊತ್ತುಮಾಡಿದವರು ಯೊಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752). ಅವರು ಹುಚ್ಚು ಪ್ರವಾದಿಯಲ್ಲ. ಡೆಂಕನ್‌ಡೋರ್ಫ್ ಮಠಶಾಲೆಯಲ್ಲಿ 28 ವರ್ಷ ಪಾಠ ಹೇಳಿದವರು. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ತೂಗಿ ನೋಡಿದ ಮೊದಮೊದಲ ಶಾಸ್ತ್ರಜ್ಞರಲ್ಲಿ ಒಬ್ಬರು. ಅದೇ ಶ್ರದ್ಧೆಯಿಂದ ಅವರು ಪ್ರಕಟನೆ ಗ್ರಂಥದ ಸಂಖ್ಯೆಗಳನ್ನೂ ಕೂಡಿ ಕಳೆದರು. ಬಂದ ಉತ್ತರ 1836ರ ಜೂನ್. ಆ ವರ್ಷ ಗಮನಾರ್ಹವಾದ ಬದಲಾವಣೆ ಏನೂ ಆಗದೆ ಕಳೆದುಹೋದರೆ ತಮ್ಮ ಗಣನೆಯ ಬುಡದಲ್ಲಿಯೇ ತಪ್ಪಿದೆಯೆಂದು ತಿಳಿಯಬೇಕೆಂಬ ಎಚ್ಚರಿಕೆಯನ್ನೂ ಅವರು ಸೇರಿಸಿದ್ದರು. ಶಿಷ್ಯರು ಗಣನೆಯನ್ನು ನೆನಪಿಟ್ಟುಕೊಂಡಷ್ಟು ಎಚ್ಚರಿಕೆಯನ್ನು ನೆನಪಿಟ್ಟುಕೊಳ್ಳಲಿಲ್ಲ. ನೆಪೋಲಿಯನ್ನನ ಯುದ್ಧಗಳು, 1816ರ ಬರಗಾಲ ಎಲ್ಲವೂ ಅಂತ್ಯದ ಲಕ್ಷಣಗಳಂತೆ ಕಂಡವು. 1817ರ ಸುಮಾರಿಗೆ ಸಾವಿರಾರು ಜನ ಮನೆಮಾರು ಬಿಟ್ಟು ಕಾಕಸಸ್ ಕಡೆಗೆ ವಲಸೆ ಹೋದರು. ಹೀಗೆ ಹೋಗುವವರನ್ನು ತಡೆದು ನಿಲ್ಲಿಸಲು 1819ರಲ್ಲಿ ಸ್ಟುಟ್‌ಗಾರ್ಟ್ ಬಳಿ ಕೊರ್ನ್‌ಟಾಲ್ ಎಂಬ ಪ್ರತ್ಯೇಕ ಊರನ್ನೇ ಕಟ್ಟಬೇಕಾಯಿತು.

ಇಂಥ ಜನರ ಕಾಣಿಕೆಯ ಕಾಸಿನಿಂದ ನಡೆಯುತ್ತಿದ್ದುದು ಬಾಸೆಲ್ ಮಿಶನ್. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಥಾಪನೆಯಾದರೂ ಅದರ ಜನಬಲ ಬಹುಮಟ್ಟಿಗೆ ವುರ್ಟೆಂಬರ್ಗಿನದು. ಸುವಾರ್ತೆ ಎಲ್ಲ ಜನಾಂಗಗಳಿಗೂ ಮುಟ್ಟಿದ ಮೇಲೆ ಅಂತ್ಯ ಬರುವುದೆಂಬುದು ಮತ್ತಾಯನ ಸುವಾರ್ತೆಯ ಮಾತು. ಹಾಗಾದರೆ ಸುವಾರ್ತೆ ಸಾರುವುದೆಂದರೆ ಬರೋಣದ ದಾರಿಯನ್ನು ಸವೆಸಿದಂತೆ. 1833ರ ಸನದು ಇಂಗ್ಲಿಷೇತರ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ತೆರೆದಾಗ ಬಾಸೆಲ್ ಮಿಶನ್ ತಡಮಾಡಲಿಲ್ಲ. 1834ರ ಅಕ್ಟೋಬರಿನಲ್ಲಿ ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು.

ಮೋಗ್ಲಿಂಗ್ ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದ್ದರು. ಸುವಾರ್ತೆಗಳಲ್ಲಿ ಚರಿತ್ರೆಗಿಂತ ಪುರಾಣಕಲ್ಪನೆಯ ಪಾಲು ಹೆಚ್ಚೆಂದು ವಾದಿಸಿ 1835ರಲ್ಲಿ ಯುರೋಪನ್ನು ತಲ್ಲಣಗೊಳಿಸಿದ ಡೇವಿಡ್ ಫ್ರೀಡ್ರಿಕ್ ಸ್ಟ್ರೌಸ್ ಕೂಡ ಆ ಊರಿನ ವಿದ್ಯಾಪೀಠದವರೇ. ಒಂದು ಕಡೆ ಇಸವಿ ಎಣಿಸುವ ಭಕ್ತರು, ಇನ್ನೊಂದು ಕಡೆ ಎಣಿಕೆಗೆ ಆಧಾರವಾದ ಗ್ರಂಥವನ್ನೇ ಪ್ರಶ್ನಿಸುವ ಪಂಡಿತರು; ಇವರ ನಡುವಿನಿಂದ ಎದ್ದು 25ರ ತರುಣ ಹಡಗು ಹತ್ತಿದರು. ಅವರ ಆಪ್ತಮಿತ್ರ ಹರ್ಮನ್ ಗುಂಡರ್ಟ್ ಅದೇ 1836ರಲ್ಲಿ ಮದರಾಸಿಗೆ ಬಂದು, ಮುಂದೆ ಮಲೆಯಾಳಕ್ಕೆ ವ್ಯಾಕರಣ, ನಿಘಂಟುಗಳನ್ನು ಕೊಟ್ಟರು. ಕಾದಂಬರಿಕಾರ ಹರ್ಮನ್ ಹೆಸ್ಸೆ ಈ ಗುಂಡರ್ಟರ ಮೊಮ್ಮಗ.

1836ರ ಜೂನ್ ಬಂತು, ಹೋಯಿತು. ಆಕಾಶ ಬಿರಿಯಲಿಲ್ಲ. ಆ ವರ್ಷದ ಕೊನೆಯ ವೇಳೆಗೆ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಅಕ್ಷರ ತಿದ್ದುತ್ತಿದ್ದರು.

ಇಸವಿ ತಪ್ಪಿದಾಗ ನಂಬಿಕೆ ಏನಾಗುತ್ತದೆ ಎಂಬುದು ಕೇವಲ ಹಳೆಯ ಜರ್ಮನಿಯ ಪ್ರಶ್ನೆಯಲ್ಲ. ಸ್ಯಾನ್ ರಮೋನ್ ಸುತ್ತಮುತ್ತಲಿನ ಕನ್ನಡಿಗರಿಗೆ 2011ರ ಫಲಕಗಳು ಮರೆತಿರಲಾರವು. ಗುಡ್ಡದಾಚೆಯ ಓಕ್ಲಂಡಿನಲ್ಲಿ ಫ್ಯಾಮಿಲಿ ರೇಡಿಯೋ ನಡೆಸುತ್ತಿದ್ದ ಹೆರಾಲ್ಡ್ ಕ್ಯಾಂಪಿಂಗ್ ಆ ವರ್ಷದ ಮೇ 21 ನ್ಯಾಯತೀರ್ಪಿನ ದಿನವೆಂದು ಸಾರಿದ್ದರು. ಬರ್ಕ್ಲಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವರು. ಲೆಕ್ಕ ಅವರಿಗೂ ಪ್ರಿಯವೇ. ದಿನ ಕಳೆದ ಮೇಲೆ ಅಕ್ಟೋಬರ್ 21 ಎಂದರು. ಅದೂ ಕಳೆದ ಮೇಲೆ, 2012ರಲ್ಲಿ, ದಿನ ಗೊತ್ತುಮಾಡಿದ್ದೇ ಪಾಪವೆಂದು ಒಪ್ಪಿಕೊಂಡರು. ಮೋಗ್ಲಿಂಗರ ಇನ್ನೂರನೆಯ ಜನ್ಮದಿನ ಬಿದ್ದದ್ದು ಅದೇ ಮೇ ತಿಂಗಳಲ್ಲಿ, ಕ್ಯಾಂಪಿಂಗರ ಮೊದಲ ಗಡುವು ಕಳೆದ ಎಂಟನೆಯ ದಿನ.

ತಡವಾಯಿತೇಕೆ ಎಂಬ ಪ್ರಶ್ನೆ ಕ್ರೈಸ್ತಧರ್ಮದಷ್ಟೇ ಹಳೆಯದು. ಪೇತ್ರನ ಎರಡನೆಯ ಪತ್ರಿಕೆಯಲ್ಲಿಯೇ ಬರುವೆನೆಂದವನು ಎಲ್ಲಿ ಎಂದು ಗೇಲಿ ಮಾಡುವವರು ಇದ್ದಾರೆ. ಪತ್ರಿಕೆ ಕೊಡುವ ಉತ್ತರದ ಸಾರ ಇಷ್ಟು: ದೇವರ ದಿನಗಣನೆ ಮನುಷ್ಯರದರಂತಲ್ಲ, ತಡವೆಂದು ಕಾಣುವುದು ಅಲಕ್ಷ್ಯವಲ್ಲ, ಯಾರೂ ಕೆಡದೆ ಎಲ್ಲರೂ ಮನಸ್ಸು ತಿರುಗಿಸಲೆಂದು ಕೊಟ್ಟ ಅವಕಾಶ. ಈ ತಾಳ್ಮೆಗೆ ಕನ್ನಡ ಸತ್ಯವೇದದಲ್ಲಿ ಇರುವ ಪದ ‘ದೀರ್ಘಶಾಂತಿ’. ‘ಸಹನೆ’ ಎಂದರೆ ನೋವನ್ನು ನುಂಗುವುದು. ದೀರ್ಘಶಾಂತಿಯಲ್ಲಿ ಕಾಲದ ಉದ್ದವೂ ಸೇರಿದೆ, ತಡೆಹಿಡಿದ ಕೋಪವೂ ಸೇರಿದೆ. ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕೆಲಸ ಬಿಟ್ಟು ಅಲೆಯುತ್ತಿದ್ದವರನ್ನು ಗದರಿಸಿ, ತಮ್ಮ ಅನ್ನವನ್ನು ದುಡಿದು ಉಣ್ಣಿರೆಂದು ಹೇಳಲಾಗಿದೆ. ದೇವರು ತಾಳಿಕೊಂಡಿರುವಷ್ಟು ಕಾಲ ಮನುಷ್ಯನಿಗೆ ಕೆಲಸವುಂಟು. ಅದು ಯಾವ ಕೆಲಸ ಎಂಬಲ್ಲಿಯೇ ಮೋಗ್ಲಿಂಗರ ಬದುಕಿನ ತೊಡಕೆಲ್ಲ ಇರುವುದು.

ಅವರು ಬಂದಿಳಿದ ಸೀಮೆಯಲ್ಲಿಯೂ ಜನ ಒಬ್ಬರ ಮರಳುವಿಕೆಗೆ ಕಾದಿದ್ದರು. 1834ರಲ್ಲಿ ಕಂಪನಿ ಸರಕಾರ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತ್ತು. 1837ರಲ್ಲಿ, ಮೋಗ್ಲಿಂಗ್ ಬಂದು ಕೆಲವೇ ತಿಂಗಳಲ್ಲಿ, ರಾಜವಂಶದ ಕಲ್ಯಾಣಸ್ವಾಮಿ ಮರಳಿದ್ದಾನೆಂಬ ಸುದ್ದಿಯ ಬೆನ್ನಲ್ಲಿ ಸುಳ್ಯದ ಕಡೆಯಿಂದ ರೈತರ ದಂಡು ಮಂಗಳೂರಿಗೆ ನುಗ್ಗಿತು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಆಮೇಲೆ ನಡೆದದ್ದು ನೇಣು, ಗಡಿಪಾರು. ಈ ಬಂಡಾಯದ ಕಥನವನ್ನು ಮೋಗ್ಲಿಂಗ್ ಮುಂದೆ 1855ರಲ್ಲಿ ತಮ್ಮ ಕೊಡಗಿನ ಚರಿತ್ರೆಯಲ್ಲಿ ಬರೆದರು. ಬರುವ ಅರಸನ ಹೆಸರಿನಲ್ಲಿ ಜನ ಏನೆಲ್ಲ ಮಾಡಬಲ್ಲರೆಂಬುದು ವುರ್ಟೆಂಬರ್ಗಿನವರಿಗೆ ಹೊಸತಲ್ಲ.

ಮಂಗಳೂರಿನಲ್ಲಿ ಅವರು ಮೊದಲು ಹಿಡಿದದ್ದು ಶಾಲೆಯನ್ನು. ಹುಡುಗರ ಜೊತೆಯಲ್ಲಿಯೇ ವಾಸಿಸಿ ಪಾಠ ಹೇಳಿದರು. 1841ರಲ್ಲಿ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಎರಡು ವರ್ಷಗಳ ಮೇಲೆ ಅದರಿಂದ ಹೊರಟ ‘ಮಂಗಳೂರ ಸಮಾಚಾರ’ ಪಾಕ್ಷಿಕ. ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ಸುದ್ದಿ, ಸರಕಾರಿ ನಿರೂಪ, ಪರದೇಶದ ವರ್ತಮಾನ, ಕಥೆ, ಪುರಂದರದಾಸರ ಪದ ಎಲ್ಲವೂ ಅದರಲ್ಲಿ ಬಂದವು. ಲೋಕಾಂತ್ಯವನ್ನು ಎದುರುನೋಡುವವರಿಗೆ ಮುಂದಿನ ಪಕ್ಷದ ಸಂಚಿಕೆಯ ಚಿಂತೆ ಏಕೆ ಎಂದು ಯಾರಾದರೂ ಕೇಳಬಹುದಿತ್ತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಅದೇ 1844ರ ಜನವರಿಯಲ್ಲಿ ಮಂಗಳೂರು ಕುದಿಯಿತು. ಅವರ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ಮತ್ತಿಬ್ಬರು ಬ್ರಾಹ್ಮಣ ತರುಣರೊಡನೆ ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಮಿಶನ್ನಿನವರಿಗೆ ಅದು ಕೊಯ್ಲಿನ ಮೊದಲ ತೆನೆ. ಆ ಮನೆಗಳವರಿಗೆ ಮಗ ಬದುಕಿರುವಾಗಲೇ ಇಲ್ಲವಾದಂತೆ. ಮೋಗ್ಲಿಂಗರನ್ನು ಬರಿಯ ಕನ್ನಡಪ್ರೇಮಿಯಾಗಿ ಚಿತ್ರಿಸುವ ಬರಹಗಳು ಈ ಪುಟವನ್ನು ಮಗುಚಿ ಮುಂದೆ ಹೋಗುತ್ತವೆ. ಅದು ಸರಿಯಲ್ಲ. ದೀರ್ಘಶಾಂತಿಗೂ ಒಂದು ಕೊನೆಯುಂಟು, ಅಷ್ಟರೊಳಗೆ ಆದಷ್ಟು ಜನರನ್ನು ಸೇರಿಸಿಕೊಳ್ಳಬೇಕೆಂಬ ಆತುರ ಬಾಸೆಲ್ ಮಿಶನ್ನಿನ ಒಳಚಾಲನೆಯಾಗಿತ್ತು. ಮೋಗ್ಲಿಂಗ್ 1846ರಲ್ಲಿ ಕೌಂಡಿನ್ಯರನ್ನು ಬಾಸೆಲ್‌ಗೆ ಕರೆದೊಯ್ದರು. ಅಲ್ಲಿ ಓದಿ ಅವರು 1851ರಲ್ಲಿ ಪಾದ್ರಿಯಾಗಿ ಮರಳಿದರು.

ಊರಿನಿಂದ ಹಿಂದಿರುಗಿದ ಮೇಲೆ ಮೋಗ್ಲಿಂಗ್ ಕೈಹಾಕಿದ್ದು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಗೆ. 1848ರಿಂದ 1853ರವರೆಗೆ ಹೊರಬಂದ ಈ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ಕನಕದಾಸರ ಹರಿಭಕ್ತಿಸಾರ, ದಾಸರ ಪದಗಳು ಅಚ್ಚಾದವು. ಹಣ ಒದಗಿಸಿದವರು ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕಸಮೇಜರ್. ಮಿಶನರಿ ಎದುರಿನವರ ಮತವನ್ನು ಮೂಲದಲ್ಲಿಯೇ ತಿಳಿಯಬೇಕೆಂಬ ಉದ್ದೇಶ ಮಾಲೆಯ ಹಿಂದೆ ಇತ್ತು, ನಿಜ. ಆದರೆ ಅಷ್ಟಕ್ಕಾಗಿಯೇ ಆದರೆ ಸಾರಾಂಶ ಸಾಕಿತ್ತು.

ಕಲ್ಲಚ್ಚಿನ ಕೆಲಸ ಎಷ್ಟು ನಿಧಾನವೆಂದು ಇಂದು ಊಹಿಸುವುದು ಕಷ್ಟ. ಮೊಳೆ ಜೋಡಿಸಿ ಕಿತ್ತು ಮತ್ತೆ ಜೋಡಿಸುವಂತಿಲ್ಲ. ಲಿಪಿಕಾರ ಜಿಡ್ಡಿನ ಮಸಿಯಿಂದ ಪ್ರತಿಯೊಂದು ಪುಟವನ್ನೂ ಕೈಯಿಂದ ಬರೆಯಬೇಕು. ಅದನ್ನು ಕಲ್ಲಿಗೆ ಇಳಿಸಬೇಕು. ಕಲ್ಲನ್ನು ಒದ್ದೆ ಮಾಡಿ ಮಸಿ ಸವರಿದಾಗ ಬರವಣಿಗೆ ಮಾತ್ರ ಮಸಿ ಹಿಡಿಯುತ್ತದೆ. ಅಕ್ಷರ ಕೆಟ್ಟರೆ ತಿದ್ದುವ ಪಾಡು ದೊಡ್ಡದು. ಓಲೆಗರಿಯಲ್ಲಿ ಪದಗಳ ನಡುವೆ ಬಿಡುವಿಲ್ಲದೆ ಹರಿಯುವ ಪಾಠವನ್ನು ಓದಿ ಬಿಡಿಸುವುದು ಅದಕ್ಕೂ ಮೊದಲಿನ ಕೆಲಸ. ಹೀಗೆ ವರ್ಷಗಟ್ಟಲೆ ಕುಳಿತು ಇನ್ನೊಂದು ಧರ್ಮದ ಪುರಾಣಗಳನ್ನು ಅಚ್ಚುಮಾಡುವಾತ ನಾಳೆಯೇ ಲೋಕ ಮುಗಿಯುವುದೆಂದು ಎಣಿಸಿದವನಲ್ಲ. ತಲೆಮಾರುಗಳ ಲೆಕ್ಕದಲ್ಲಿ ಯೋಚಿಸಿದವನು. ಬೆಂಗೆಲರ ಗಣನೆಗಿಂತ ಅವರ ಪಾಠಪರಿಷ್ಕರಣೆಯ ಶಿಸ್ತೇ ಮೋಗ್ಲಿಂಗರ ಮೂಲಕ ಮಂಗಳೂರಿಗೆ ಬಂತೆಂದು ನನಗೆ ತೋರುತ್ತದೆ.

ಆ ಮಾಲೆಯ ಚನ್ನಬಸವಪುರಾಣದ ಕೊನೆಯ ಭಾಗದಲ್ಲಿ ಕಾಲಜ್ಞಾನವಿದೆ. ಕಲ್ಯಾಣ ಹಾಳಾದ ಮೇಲೆ ವಸಂತರಾಯನೆಂಬ ಅರಸ ಬಂದು ಅದನ್ನು ಮತ್ತೆ ಎತ್ತಿ ನಿಲ್ಲಿಸುವನೆಂಬ ಭವಿಷ್ಯವಾಣಿ ಅದು. ವೀರಶೈವರಲ್ಲಿ ಇಂಥ ಕಾಲಜ್ಞಾನ ವಚನಗಳ ಪರಂಪರೆಯೇ ಉಂಟು. 1836ನ್ನು ಕಾದ ಜನರ ನಡುವಿನಿಂದ ಬಂದವರು ವಸಂತರಾಯನನ್ನು ಕಾದ ಜನರ ಗ್ರಂಥವನ್ನು ಅಚ್ಚುಮಾಡಿದರು.

1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಹೋದರು. ಸೋಮಯ್ಯ ಎಂಬ ಕೊಡವರು ಕ್ರೈಸ್ತರಾದದ್ದು ಅದಕ್ಕೆ ನಿಮಿತ್ತ. ಅಲ್ಲಿದ್ದ ಕಾಲದಲ್ಲಿ ಶಾಲೆ, ಕೊಡಗಿನ ಚರಿತ್ರೆ, ರಾಜೇಂದ್ರನಾಮೆಯ ಮುದ್ರಣ ನಡೆದವು. ಹೊಲೆಯ ಸಮುದಾಯದಿಂದ ಬಂದ ಕ್ರೈಸ್ತರಿಗಾಗಿ ಆನಂದಪುರವೆಂಬ ಊರು ಎದ್ದಿತು. ಅದನ್ನು ಮುಂದೆ ನೋಡಿಕೊಂಡವರು ಕೌಂಡಿನ್ಯರು. ಸತ್ಯವೇದದ ಕನ್ನಡ ಪರಿಷ್ಕರಣಕ್ಕೆ ದುಡಿದ ಗೆಳೆಯ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಒಂಟಿಯಾಗಿದ್ದ ಮೋಗ್ಲಿಂಗ್, ನಾಲ್ಕು ಮಕ್ಕಳ ತಾಯಿಯಾಗಿದ್ದ ಗೆಳೆಯನ ವಿಧವೆ ಪೌಲೀನರನ್ನು ಮದುವೆಯಾದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ನೀಡಿತು. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಊರಿಗೆ ಮರಳಿದವರು ಮತ್ತೆ ಕನ್ನಡ ನಾಡನ್ನು ಕಾಣಲಿಲ್ಲ.

ಜರ್ಮನಿಯಲ್ಲಿ ಕುಳಿತೂ ಅವರು ಕನ್ನಡವನ್ನು ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ನಿಧನರಾದರು. ಬೆಂಗೆಲ್ ಪಾಠ ಹೇಳಿದ ಡೆಂಕನ್‌ಡೋರ್ಫ್ ಆ ಊರಿಗೆ ತೀರ ಹತ್ತಿರ. ಮರುವರ್ಷ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು.