ಕಡಲಾಳಕ್ಕೆ ಉಸಿರು ಕೊಂಡೊಯ್ದ ಜಾಕ್ ಕೂಸ್ತೊ

ನೀರಿನಲ್ಲಿ ಮುಳುಗಿದವನಿಗೆ ಒಂದು ಉಸಿರಿನಷ್ಟೇ ಅವಧಿ. ತುಂಗಭದ್ರೆಯ ಮಡುವಿನಲ್ಲಿ ಮುಳುಗು ಹಾಕುವ ಸಿ. ಬೆಳಗಲ್ ಸೀಮೆಯ ಈಜುಗಾರನೂ ಬಲ್ಲ ಈ ಮಿತಿಯನ್ನು ಮೀರಲು ದಾರಿ ತೋರಿದವರಲ್ಲಿ ಫ್ರಾನ್ಸ್ ದೇಶದ ಜಾಕ್ ಕೂಸ್ತೊ ಪ್ರಮುಖರು.

1910ರ ಜೂನ್ 11ರಂದು ಬೋರ್ಡೊ ನಗರದ ಸಮೀಪ ಜನಿಸಿದ ಕೂಸ್ತೊ, ನೌಕಾಪಡೆಯನ್ನು ಸೇರಿ ವಿಮಾನ ಚಾಲಕರಾಗಲು ಬಯಸಿದ್ದರು. ಕಾರು ಅಪಘಾತದಲ್ಲಿ ತೋಳುಗಳು ಮುರಿದು ಆ ಆಸೆ ಕಮರಿತು. ತೋಳುಗಳಿಗೆ ಬಲ ಬರಲೆಂದು ಟುಲಾನ್ ಬಂದರಿನ ಬಳಿ ಈಜತೊಡಗಿದಾಗ, ಗೆಳೆಯ ಫಿಲಿಪ್ ಟಯ್ಯೆ ಕೊಟ್ಟ ಈಜುಗನ್ನಡಕ ಅವರ ಬಾಳಿನ ದಿಕ್ಕನ್ನೇ ಬದಲಿಸಿತು.

1942ರ ನವೆಂಬರ್ 27ರಂದು, ಜರ್ಮನರ ವಶವಾಗಬಾರದೆಂದು ಫ್ರೆಂಚ್ ನೌಕಾಪಡೆ ಅದೇ ಟುಲಾನ್‌ನಲ್ಲಿ ತನ್ನ ಹಡಗುಗಳನ್ನು ತಾನೇ ಮುಳುಗಿಸಿತು. ನೌಕಾಧಿಕಾರಿಯೊಬ್ಬನಿಗೆ ಇದಕ್ಕಿಂತ ಮಿಗಿಲಾದ ಶೋಕ ಇನ್ನಾವುದು? ಮರುವರ್ಷವೇ ಕೂಸ್ತೊ, ಎಂಜಿನಿಯರ್ ಎಮಿಲ್ ಗಾನ್ಯಾನ್ ಅವರೊಡನೆ 'ಅಕ್ವಾಲಂಗ್' ಎಂಬ ಉಸಿರಾಟದ ಸಾಧನವನ್ನು ರೂಪಿಸಿದರು. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ವಾಯುಮಂಡಲದ ಒತ್ತಡದಷ್ಟು ಹೆಚ್ಚುತ್ತದೆ. ಈ ಸಾಧನದ ಕವಾಟವು ಮುಳುಗುಗಾರ ಉಸಿರೆಳೆದಾಗ ಮಾತ್ರ ತೆರೆದು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಗಾಳಿಯನ್ನು ಒದಗಿಸುತ್ತದೆ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಕೂಸ್ತೊ ಬಳಗವು 1943ರಲ್ಲಿ ಮುಳುಗಿದ ಹಡಗುಗಳ ಒಡಲನ್ನು ಚಿತ್ರೀಕರಿಸಿತು.

1956ರಲ್ಲಿ ಅವರ 'ಮೌನ ಜಗತ್ತು' ಚಿತ್ರಕ್ಕೆ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಸಂದಿತು. ಆದರೆ ಅದೇ ಚಿತ್ರದಲ್ಲಿ ಹವಳದ ದಿಬ್ಬದ ಬಳಿ ಸಿಡಿಮದ್ದು ಸಿಡಿಸಿ ಮೀನುಗಳನ್ನು ಕೊಂದ ದೃಶ್ಯವಿದೆ. ಶಾರ್ಕ್‌ಗಳ ಹತ್ಯೆಯೂ ಇದೆ. ಕಡಲನ್ನು ಕಂಡ ಮಾತ್ರಕ್ಕೆ ಅದರ ಮೇಲೆ ಕರುಣೆ ಹುಟ್ಟಲಿಲ್ಲ. ಅದಕ್ಕೆ ಕಾಲ ಬೇಕಾಯಿತು. 1960ರಲ್ಲಿ ವಿಕಿರಣಶೀಲ ತ್ಯಾಜ್ಯವನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಸುರಿಯುವ ಯೋಜನೆಯನ್ನು ಅವರು ಬಹಿರಂಗವಾಗಿ ವಿರೋಧಿಸಿದರು. 1973ರಲ್ಲಿ ಸಾಗರ ರಕ್ಷಣೆಗೆಂದೇ ಸಂಸ್ಥೆಯೊಂದನ್ನು ಕಟ್ಟಿದರು.

1963ರಲ್ಲಿ ಸುಡಾನ್ ತೀರದ ಕೆಂಪು ಸಮುದ್ರದಲ್ಲಿ, ಸುಮಾರು 10 ಮೀಟರ್ ಆಳದಲ್ಲಿ ಅವರು ಉಕ್ಕಿನ ಮನೆಯೊಂದನ್ನು ಇಳಿಸಿದರು. ಸಂಗಡಿಗರು ಅಲ್ಲಿ ಒಂದು ತಿಂಗಳು ವಾಸಿಸಿದರು. ಅಲ್ಲೇ ಉಳಿದ ಅವಶೇಷಗಳ ಮೇಲೆ ಹವಳ ಬೆಳೆದಿದೆ. ಮುಳುಗುಗಾರರು ಅದನ್ನು ಕಾಣಲು ಇಂದಿಗೂ ಇಳಿಯುತ್ತಾರೆ. ಈಗ ಹಲವು ಉಷ್ಣವಲಯದ ದೇಶಗಳು ಹಳೆಯ ಹಡಗುಗಳ ಎಣ್ಣೆ, ತಂತಿಗಳನ್ನು ತೆಗೆದು ಶುಚಿಗೊಳಿಸಿ, ಜಲಚರಗಳ ನೆಲೆಯಾಗಲೆಂದು ಬೇಕೆಂದೇ ಮುಳುಗಿಸುತ್ತವೆ. ಟುಲಾನ್‌ನಲ್ಲಿ ಯುದ್ಧದ ಹತಾಶೆಯಿಂದ ನಡೆದ ಕಾರ್ಯ ಇಲ್ಲಿ ಜೀವಪೋಷಣೆಯ ಉಪಾಯವಾಗಿದೆ.

ಕೂಸ್ತೊ ನಾಲ್ಕು ದಶಕಗಳ ಕಾಲ ಸಂಚರಿಸಿದ 'ಕ್ಯಾಲಿಪ್ಸೊ' ನೌಕೆ 1996ರಲ್ಲಿ ಸಿಂಗಪುರದ ಬಂದರಿನಲ್ಲಿ ದೋಣಿಯೊಂದು ಬಡಿದು ಮುಳುಗಿತು. ಬಳಿಕ ಅದನ್ನು ಮೇಲೆತ್ತಲಾಯಿತು. 1997ರ ಜೂನ್ 25ರಂದು ಕೂಸ್ತೊ ಪ್ಯಾರಿಸ್‌ನಲ್ಲಿ ನಿಧನರಾದರು. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಕಡಲಿಗಿಳಿಯುವವರ ಬೆನ್ನ ಮೇಲಿನ ಸಾಧನ ಅಂದಿನ ಆ ಕವಾಟದ ತತ್ತ್ವದಿಂದಲೇ ಇಂದಿಗೂ ಉಸಿರು ನೀಡುತ್ತಿದೆ.