ಎತ್ತಿನಗಾಡಿಯ ಬಿಷಪ್

ವಿಜಯವಾಡದ ಕಡೆಗೆ ರೈಲಿನಲ್ಲಿ ಹೋಗಿ ಬಂದವರಿಗೆ ಡೋರ್ನಕಲ್ ಜಂಕ್ಷನ್ ಗೊತ್ತಿರುತ್ತದೆ. ಆ ಊರಿನ ಹೆಸರು ಒಂದು ಕಾಲಕ್ಕೆ ಇಂಗ್ಲೆಂಡಿನ ತನಕ ಕೇಳಿಬಂದಿತ್ತು. ಕಾರಣ, ಅಲ್ಲಿನ ಬಿಷಪ್ ವೇದನಾಯಗಂ ಸ್ಯಾಮುಯೆಲ್ ಅಜರಯ್ಯ. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯರು.

ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿ. ತಂದೆ ಪಾದ್ರಿ. ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಮದರಾಸಿನಲ್ಲಿ ಕಾಲೇಜು ಓದಿದ್ದಾಯಿತು, ಡಿಗ್ರಿ ಮಾತ್ರ ಕೈಗೆ ಬರಲಿಲ್ಲ. ವೈ.ಎಂ.ಸಿ.ಎ.ಯ ಕಾರ್ಯದರ್ಶಿಯಾಗಿ ದಕ್ಷಿಣ ಭಾರತವೆಲ್ಲ ತಿರುಗಿದರು. 1903ರಲ್ಲಿ ಗೆಳೆಯರೊಡನೆ ಸೇರಿ, ಭಾರತೀಯರದೇ ದುಡ್ಡಿನಲ್ಲಿ ಭಾರತೀಯರೇ ನಡೆಸುವ ಮಿಷನ್ ಸಂಘ ಕಟ್ಟಿದರು. ಬೇರೆಯವರಿಗೆ ಹೋಗಿ ಹೋಗಿ ಅಂತ ಹೇಳಿ ತಾನು ಊರಲ್ಲೇ ಕೂತರೆ ಹೇಗೆ? 1909ರಲ್ಲಿ ಇದ್ದ ಕೆಲಸ ಬಿಟ್ಟು, ನಿಜಾಮರ ರಾಜ್ಯದಲ್ಲಿದ್ದ ಡೋರ್ನಕಲ್ಲಿಗೆ ತಾವೇ ಹೊರಟರು. ತಮಿಳು ಬಾಯಲ್ಲಿ ತೆಲುಗು ಕಲಿಯಬೇಕಾಯಿತು, ಮೂವತ್ತೈದರ ವಯಸ್ಸಿನಲ್ಲಿ.

ಮರುವರ್ಷ ಎಡಿನ್‌ಬರೋದಲ್ಲಿ ಮಿಷನರಿಗಳ ದೊಡ್ಡ ಸಮ್ಮೇಳನ. ತುಂಬಿದ ಸಭೆಯಲ್ಲಿ ಎದ್ದು ನಿಂತ ಅಜರಯ್ಯ, ಬಿಳಿಯರು ಮಾಡಿದ ತ್ಯಾಗವನ್ನು ಒಪ್ಪಿಕೊಂಡರು. ಆದರೆ ದಾನ ಕೊಟ್ಟರೆ ಸಾಲದು, ಸ್ನೇಹ ಬೇಕು ಎಂದು ಕೇಳಿಬಿಟ್ಟರು. ಮನೆಗೆ ಕರೆದು ಜೊತೆಗೆ ಕೂತು ಉಣ್ಣುವ ಸ್ನೇಹ. ಮೆತ್ತಗೆ ಹೇಳಿದ ಮಾತೇ ಆದರೂ ಸಭೆಯಲ್ಲಿ ಕೆಲವರ ಮುಖ ಕೆಂಪಾಯಿತು.

1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಪಟ್ಟ ಆಯಿತು. ಅದೇನು ಸಲೀಸಾಗಿ ಆದದ್ದಲ್ಲ. ಮದರಾಸಿನ ಬಿಷಪ್ ವೈಟ್‌ಹೆಡ್ ಪಟ್ಟು ಹಿಡಿದಿದ್ದರಿಂದ ಆಯಿತು. ಬಿಳಿಯರು ಕರಿಯನ ಕೈಕೆಳಗೆ ಇರುವುದೇ ಎಂಬ ಗೊಣಗಾಟ ಇತ್ತು. ನಮ್ಮವರಲ್ಲೂ ಕೆಲವರು ಬೇಡ ಅಂದವರೇ. ಮುಂದೆ ಕೃಷ್ಣಾ ಸೀಮೆ ಇವರ ಆಡಳಿತಕ್ಕೆ ಸೇರಿದಾಗ ಅಲ್ಲಿನ ಬಿಳಿ ಮಿಷನರಿಗಳು ಇವರ ಕೈಕೆಳಗೇ ದುಡಿದರು.

ಬಿಷಪ್ ಅಂದರೆ ಬಂಗಲೆ, ಜವಾನ ಅಂದುಕೊಂಡಿದ್ದ ಜನಕ್ಕೆ ಇವರು ಎತ್ತಿನಗಾಡಿಯಲ್ಲಿ ಬರುವುದು ಸೋಜಿಗವಾಗಿತ್ತು. ಹೋಗುತ್ತಿದ್ದದ್ದು ಹೆಚ್ಚಾಗಿ ಮಾಲ, ಮಾದಿಗ ಕೇರಿಗಳಿಗೆ. ಹಳ್ಳಿಯ ಬಡ ಉಪದೇಶಿಗಳೊಡನೆ ಕೂತು ಪಾಠ ಹೇಳುವುದು, ಕೊಳಕು, ರೋಗ, ಸಾಲ, ಹೆಂಡ ಈ ನಾಲ್ಕರ ಮೇಲೂ ಜಗಳ ತೆಗೆಯುವುದು, ಇದೇ ದಿನಚರಿ. ಮಾಲರು ಮಾದಿಗರು ಒಬ್ಬರ ಕೈ ನೀರು ಒಬ್ಬರು ಕುಡಿಯದ ಕಾಲ ಅದು. ಸಭೆಗೆ ಸೇರಿದ ಮೇಲೂ ಆ ಹಟ ಬಿಡಲಿಲ್ಲ. ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯಬೇಕು, ಅದರಲ್ಲಿ ಎರಡು ಮಾತಿಲ್ಲ ಎಂದರು ಅಜರಯ್ಯ. ಪ್ರೀತಿ ಇದ್ದವರು ಶಿಸ್ತಿನಲ್ಲಿ ಸಡಿಲ ಅಂದುಕೊಳ್ಳಬೇಡಿ, ಈ ಮನುಷ್ಯ ಶಿಸ್ತಿಗೆ ಬಲು ಗಟ್ಟಿ. ಪತ್ನಿ ಅನ್ಬು ಮರಿಯಮ್ಮಾಳ್ ಹೆಂಗಸರ ಕೆಲಸ ನೋಡಿಕೊಂಡರು.

ಗಾಂಧೀಜಿಯವರಿಗೂ ಇವರಿಗೂ 1930ರ ದಶಕದಲ್ಲಿ ಮತಾಂತರದ ವಿಷಯದಲ್ಲಿ ಸರಿ ಬರಲಿಲ್ಲ. ಕೇರಿಯ ಬಡವನಿಗೂ ತನ್ನ ದೇವರನ್ನು ಆರಿಸಿಕೊಳ್ಳುವ ಬುದ್ಧಿ ಇದೆ ಎಂಬುದು ಅಜರಯ್ಯನವರ ವಾದ. ಆದರೆ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡುತ್ತೇವೆ ಅಂದಾಗ ಬೇಡ ಅಂದವರೂ ಇವರೇ!

1939ರಲ್ಲಿ ಡೋರ್ನಕಲ್ಲಿನ ದೊಡ್ಡ ಚರ್ಚು ಮುಗಿಯಿತು. ನೋಡಿದರೆ ಸ್ವಲ್ಪ ದೇವಸ್ಥಾನ, ಸ್ವಲ್ಪ ಮಸೀದಿ. ಒಡೆದುಹೋದ ಸಭೆಗಳನ್ನು ಒಂದು ಮಾಡಬೇಕೆಂದು 1919ರಿಂದ ಓಡಾಡುತ್ತಲೇ ಇದ್ದರು. 1945ರ ಜನವರಿ 1ರಂದು ತೀರಿಕೊಂಡರು. ಅಲ್ಲಿಯ ತನಕ ಡಯಾಸಿಸ್ ಒಂದನ್ನು ಆಳಿದ ಆಂಗ್ಲಿಕನ್ ಬಿಷಪ್ಪರಲ್ಲಿ ಭಾರತೀಯರು ಇವರೊಬ್ಬರೇ. ಒಂದಾದ ಸಭೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿತು. ಮಂಗಳೂರು, ಮೈಸೂರಿನ ಕಡೆ ಸಿ.ಎಸ್.ಐ. ಎಂದು ಬೋರ್ಡು ಇರುವ ಚರ್ಚುಗಳು ಆ ಸಭೆಯವೇ.